ಅಕ್ಕಲಕೋಟೆಯ ಕಾಳಪ್ಪನ ಪಿಯಾನೋ

ಫೋನಿನಲ್ಲಿ ‘ಹೂಂ’ ಎನ್ನುವುದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ ಎಂಬುದು ಈಚಿನ ನನ್ನ ಅಭಿಪ್ರಾಯ. ಎದುರಿಗೆ ಕೂತವರಿಗೆ ಹೂಂ ಅಂದರೆ ಅವರು ನಮ್ಮ ಮುಖ ನೋಡಿ ಇದು ಕೇಳಿಸಿಕೊಂಡವನ ಹೂಂ, ಇದು ಬೇರೆಲ್ಲೋ ಇರುವವನ ಹೂಂ ಎಂದು ಬೇರ್ಪಡಿಸಬಲ್ಲರು. ಫೋನಿನಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಎಲ್ಲ ಹೂಂಗಳೂ ಒಪ್ಪಿಗೆಯೇ. ನಮ್ಮದು ಚಾದರು, ಟಾವೆಲ್‌ಗಳ ಹೋಲ್‌ಸೇಲ್ ಅಂಗಡಿ. ಒಮ್ಮೆ ಲಾತೂರಿನ ಗಿರಾಕಿಯೊಬ್ಬರು ಊಟದ ಮಧ್ಯೆ ಹೇಳಿದ ಹೂಂ ನಂಬಿ ನಾನು ಅವರಿಗೆ ಒಂದು ಲಾರಿ ಗುಲಾಬಿ ಬಣ್ಣದ ಟಾವೆಲ್ ಕಳಿಸಿದ್ದೆ. ಅವರು ಹೂಂ ಎಂದದ್ದು ನನಗಲ್ಲ, ಇನ್ನಷ್ಟು ಸಾರು ಬಡಿಸಲೇ ಎಂದು ಕೇಳಿದ ಅವರ ಹೆಂಡತಿಗಂತೆ.

ಈ ಸಲ ಹೂಂ ಎಂದದ್ದು ನನ್ನ ಹೆಂಡತಿ ಶಕುಂತಲಾ. ಅಕ್ಕಲಕೋಟೆಯಲ್ಲಿ ಅವಳ ಮಾವಶಿ, ಅಂದರೆ ತಾಯಿಯ ತಂಗಿ, ತಮ್ಮ ಹಳೆಯ ವಾಡೆ ಮನೆಯನ್ನು ಮಾರಿ ಪುಣೆಯ ಮಗಳ ಮನೆಯ ಪಕ್ಕದಲ್ಲೇ ಫ್ಲ್ಯಾಟ್ ಕೊಂಡು ಹೊರಟಿದ್ದರು. ಬಹಳ ಹುರುಪಿನ ಹೆಂಗಸು. ಹೋಗುವ ಮುಂಚೆ ಮನೆಯ ಸಾಮಾನುಗಳನ್ನೆಲ್ಲ ಬಳಗಕ್ಕೆ ಹಂಚುತ್ತಿದ್ದರು. ಒಬ್ಬರಿಗೆ ತಾಮ್ರದ ಹಂಡೆ, ಒಬ್ಬರಿಗೆ ತೂಗುಮಂಚ. ಶಕುಂತಲಾ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಜೋಳದ ಭಕ್ರಿ ಬಡಿಯುತ್ತಿದ್ದಳು. ಭಕ್ರಿಯ ಸದ್ದಿನಲ್ಲಿ ಏನು ಕೇಳಿತೋ ಏನು ಬಿಟ್ಟಿತೋ, ಹೂಂ ಅಂದಳು. ವಾರದೊಳಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಅದರೊಳಗೆ, ಹಗ್ಗ ಬಿಗಿಸಿಕೊಂಡು, ಒಂದು ಪಿಯಾನೋ ನಿಂತಿತ್ತು.

“ನಾ ಪಾನದಾನಿ ಅಂತ ತಿಳಕೊಂಡಿದ್ನಿರಿ, ಎಲಿ-ಅಡಿಕಿ ಡಬ್ಬಿ,” ಎಂದಳು ಶಕುಂತಲಾ, ಸಣ್ಣ ದನಿಯಲ್ಲಿ.

ಅಂಗಡಿಯಿಂದ ಹಮಾಲರನ್ನು ಕರೆಸಿದೆ. ಚಾದರಿನ ಗಂಟುಗಳನ್ನು ಹೂವಿನಂತೆ ಎತ್ತುವ ಗಟ್ಟಿಗರು ಅವರು. ಆದರೆ ಚಾದರಿನ ಗಂಟು ಎತ್ತಿದಾಗ ಮಾತಾಡುವುದಿಲ್ಲ. ಇದು ಪ್ರತಿ ಹೆಜ್ಜೆಗೂ ಹೊಟ್ಟೆಯೊಳಗಿಂದ ನರಳುತ್ತಿತ್ತು. ಹೊಸ್ತಿಲಿಗೆ ತಾಗಿದಾಗಲಂತೂ ಎಷ್ಟು ಜೋರಾಗಿ ಕಿರುಚಿತೆಂದರೆ, ಹಮಾಲರಲ್ಲಿ ಹಿರಿಯನಾದ ಶಿವಪ್ಪ ತನ್ನ ಮೂಲೆಯನ್ನು ಕೆಳಗಿಟ್ಟು, “ಸಾವಕಾರ್ರ, ಒಳಗ ಯಾರರೆ ಅದಾರೇನ ನೋಡ್ರಿ” ಎಂದ.

ಹಾಲಿನಲ್ಲಿ ಸೋಫಾ ಸರಿಸಿ ಗೋಡೆಗೆ ಆನಿಸಿ ನಿಲ್ಲಿಸಿದ ಮೇಲೆ ನಾವೆಲ್ಲ ಹಿಂದೆ ಸರಿದು ನೋಡಿದೆವು. ಏನೋ ಎಡವಟ್ಟಾಗಿತ್ತು. ಎತ್ತರ ನನ್ನ ಎದೆಯ ಮಟ್ಟಕ್ಕೆ ಸರಿಯಾಗಿಯೇ ಇತ್ತು. ಆದರೆ ಬಾರಿಸುವ ಮಣೆಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವು ಕೆಳಗೆ, ನನ್ನ ಮೊಣಕಾಲಿಗಿಂತಲೂ ಕೆಳಗೆ ಇದ್ದವು. ಒಂದು ಕಪಾಟಿಗೆ ಪಾದದ ಹತ್ತಿರ ಹಲ್ಲು ಬಂದಂತೆ ಕಾಣುತ್ತಿತ್ತು. ಕುರ್ಚಿ ಹಾಕಿ ಕೂತರೆ ಕೈ ಮುಟ್ಟಲು ಶೂ ಲೇಸು ಕಟ್ಟುವವರಂತೆ ಬಾಗಬೇಕು. ಕಾಲಲ್ಲಿ ತುಳಿಯುವ ಪೆಡಲುಗಳೂ ಇಲ್ಲ. ಬದಲಿಗೆ ಮಣೆಗಳ ಕೆಳಗೆ, ಬಲಗಡೆಗೆ, ಒಂದು ಮರದ ನಾಲಿಗೆ ಹೊರಚಾಚಿಕೊಂಡಿತ್ತು. ಅದು ಯಾತಕ್ಕೆಂದು ಯಾರಿಗೂ ತಿಳಿಯಲಿಲ್ಲ. ಹೋಗುವವರ ಬರುವವರ ಕಾಲಿಗೆ ಬಡಿಯಲಿಕ್ಕೆ ಮಾತ್ರ ಅದು ಚೆನ್ನಾಗಿ ಉಪಯೋಗವಾಗುತ್ತಿತ್ತು.

ಸಂಗೀತದ ವಿಷಯದಲ್ಲಿ ನನ್ನ ಯೋಗ್ಯತೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಿ ಬೆಳೆದದ್ದು ಮಗ್ಗಗಳ ಗಲ್ಲಿಯಲ್ಲಿ. ಹಗಲೂ ರಾತ್ರಿ ಪವರ್‌ಲೂಮುಗಳು ಖಟಪಟ ಖಟಪಟ ಎನ್ನುತ್ತಿದ್ದವು. ಅದೇ ನಮಗೆ ಜೋಗುಳ. ಕರೆಂಟು ಹೋಗಿ ಮಗ್ಗಗಳು ನಿಂತರೆ ಗಲ್ಲಿಯ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ಇಂಥ ಕಿವಿಗೆ ಪಿಯಾನೋ ಕೆಟ್ಟಿದೆಯೋ ಸರಿಯಾಗಿದೆಯೋ ಗೊತ್ತಾಗುವ ಸಂಭವ ಇಲ್ಲ. ಆದರೆ ಇದು ಕೆಟ್ಟಿದೆ ಎಂಬುದು ನನಗೂ ಗೊತ್ತಾಯಿತು. ಯಾವ ಮಣೆ ಒತ್ತಿದರೂ ನೆಗಡಿಯಾದವರು ಮೂಗಿನಿಂದ ಮಾತಾಡಿದ ಹಾಗೆ ಬರುತ್ತಿತ್ತು.

ತಿಂಗಳು ಕಳೆಯುವುದರಲ್ಲಿ ಪಿಯಾನೋ ನಮ್ಮ ಮನೆಯಲ್ಲಿ ಒಂದು ಟೇಬಲ್ ಆಯಿತು. ಅದರ ಮೇಲೆ ಲೈಟಿನ ಬಿಲ್ಲು, ಸ್ಕೂಟರಿನ ಚಾವಿ, ಕಳಿಯಲು ಇಟ್ಟ ನಿಂಬೆಹಣ್ಣಿನ ಉಪ್ಪಿನಕಾಯಿಯ ಬರಣಿ. ಮಗ ಸಚಿನ್ ಒಂದು ದಿನ ಕಣಕಾಲು ಉಜ್ಜಿಕೊಳ್ಳುತ್ತ, “ಪಪ್ಪಾ, ಇದನ್ನ ಕೊಟ್ಟು ಬಿಡೂಣ. ಫೋಟೋ ಹಾಕ್ತೀನಿ, ಯಾರರೆ ಅಂಟಿಕ್ ಮಂದಿ ಒಯ್ತಾರ” ಎಂದ. ಆ ಗೋಡೆಯ ಅಳತೆಯನ್ನು ಸೊಸೆ ಪ್ರಿಯಾಂಕಾ ಟೇಪು ಹಿಡಿದು ತೆಗೆಯುತ್ತಿದ್ದುದನ್ನು ನಾನು ಕಂಡಿದ್ದೆ.

ಫೋಟೋ ನೋಡಿ ಪುಣೆಯಿಂದ ಒಬ್ಬ ಹಳೆಯ ಸಾಮಾನುಗಳ ವ್ಯಾಪಾರಿ ಬಂದರು. ಕುತ್ತಿಗೆಗೆ ದಾರದಲ್ಲಿ ಕನ್ನಡಕ ನೇತುಹಾಕಿಕೊಂಡಿದ್ದ, ಬಹಳ ತಿಳಿದ ಮನುಷ್ಯ. ಪಿಯಾನೋದ ಸುತ್ತ ಸುಳಿದು, ಅಲ್ಲಲ್ಲಿ ಬೆರಳು ಮಡಚಿ ಬಡಿದು, ಮರಾಠಿಯಲ್ಲಿ ತೀರ್ಪು ಕೊಟ್ಟರು. ಮೂಲದಲ್ಲಿ ಇದು ಜರ್ಮನಿಯದಂತೆ. ಯಾರೋ ಊರಿನ ಅಡ್ಡಾದಿಡ್ಡಿ ಬಡಿಗ ಬಿಚ್ಚಿ, ಮಣೆಗಳನ್ನು ಕೆಳಗಿಳಿಸಿ, ಜನ್ಮ ಹಾಳು ಮಾಡಿದ್ದಾನಂತೆ. ವಾದ್ಯವಾಗಿ ಇದಕ್ಕೆ ಇನ್ನು ಆಯುಷ್ಯವಿಲ್ಲ. ಆದರೆ ಮರ ಚೆನ್ನಾಗಿದೆ. ಲೋಣಾವಳೆಯ ರಿಸಾರ್ಟಿನವರೊಬ್ಬರು ಕೇಳುತ್ತಿದ್ದಾರೆ. ಒಳಗಿನದನ್ನೆಲ್ಲ ತೆಗೆದು, ದೀಪ ಹಾಕಿ, ಬಾಟಲಿ ಇಡುವ ಬಾರ್ ಕೌಂಟರ್ ಮಾಡಿದರೆ ಬಹಳ ಸುಂದರವಾಗುತ್ತದೆ. ಮುಂದಿನ ತಿಂಗಳು ಟೆಂಪೋ ತರುತ್ತೇನೆ ಎಂದು ಹೇಳಿ, ಮುಂಭಾಗದಲ್ಲಿ ಕಿಲುಬಿನಡಿ ಮಸುಕಾಗಿ ಕಾಣುತ್ತಿದ್ದ ಹಿತ್ತಾಳೆಯ ಕೆತ್ತನೆಯನ್ನು ಸವರಿ, “ಈ ಬಳ್ಳಿಯ ನಕ್ಷಿ ಮಾತ್ರ ಹಾಗೇ ಇಡುತ್ತೇವೆ” ಎಂದರು.

ಅವರು ಹೋದ ಮೇಲೆ ಶಕುಂತಲಾ ಬಾಗಿಲು ಹಾಕಿ ಬಂದಳು. ಆಮೇಲೆ, “ಮಾವಶಿ ಕೊಟ್ಟ ಸಾಮಾನಾಗ ಸೆರೆ ಬಾಟ್ಲಿ ಇಡ್ತಾರಂತ?” ಎಂದಳು.

“ನಮ್ಮನಿಯೊಳಗಲ್ಲಲ್ಲ, ಲೋಣಾವಳ್ಯಾಗ,” ಎಂದೆ ನಾನು. ಈ ಸಮಾಧಾನ ಯಾಕೋ ಹತ್ತಲಿಲ್ಲ. ಅವಳು ಹುಣಸೆಹಣ್ಣು, ಒಂದು ಹಳೆಯ ಟಾವೆಲ್ ತಂದು ಪಿಯಾನೋದ ಹಿತ್ತಾಳೆಯನ್ನು ತಿಕ್ಕತೊಡಗಿದಳು. ಬೇಜಾರಾದಾಗ ಏನನ್ನಾದರೂ ತಿಕ್ಕುವುದು ಅವಳ ಪದ್ಧತಿ. ನಾನು ಪೇಪರ್ ಓದುತ್ತಿದ್ದೆ.

“ಏನ್ರಿ, ಇಲ್ಲಿ ಬರ್ರಿ. ಈ ಬಳ್ಳಿ ಏನೋ ಬ್ಯಾರೆ ಕಾಣಾಕತ್ತೈತಿ.”

ಹೋಗಿ ನೋಡಿದೆ. ಬಳ್ಳಿಯಲ್ಲ, ಕನ್ನಡ ಅಕ್ಷರಗಳು! ಒಂದರ ತಲೆಕಟ್ಟು ಇನ್ನೊಂದರ ಕೊಂಬಿಗೆ ಸುತ್ತಿಕೊಳ್ಳುವಂತೆ, ನಡುನಡುವೆ ಎಲೆ ಬಿಡಿಸಿ, ಮರದಲ್ಲಿ ಕೂಡಿಸಿದ ಹಿತ್ತಾಳೆಯ ಅಕ್ಷರಗಳು. ‘ಕಾಳಪ್ಪ, ಅಕ್ಕಲಕೋಟ.’ ಪುಣೆಯವರಿಗೆ ಅದು ಬಳ್ಳಿಯಾಗಿ ಕಂಡದ್ದು ತಪ್ಪಲ್ಲ ಬಿಡಿ. ಮರಾಠಿ ಶಾಲೆಯಲ್ಲಿ ಕಲಿತ ನನ್ನ ಮಗನಿಗೂ ಅದು ಬಳ್ಳಿಯಾಗಿಯೇ ಕಂಡಿತು. “ಹೌದೇನು? ಇದು ‘ಕಾ’ ಏನು?” ಎಂದು ಬಾಗಿ ಬಾಗಿ ನೋಡಿದ. ಮನೆಯಲ್ಲಿ ಇಬ್ಬರಿಗಷ್ಟೇ ಓದಲು ಬರುವ ಭಾಷೆಯಲ್ಲಿ ಒಂದು ಪಿಯಾನೋ ತನ್ನ ಹೆಸರು ಹೇಳಿಕೊಂಡಿತ್ತು.

ಅಂದಿನಿಂದ ನನ್ನ ತಲೆ ಕೆಟ್ಟಿತು. ಹೆಸರು ಬರೆದವನು ರಿಪೇರಿ ಮಾಡಿದವನೋ, ಮಾಡಿದವನೇ ಹೌದೋ? ಅಕ್ಕಲಕೋಟೆಯಲ್ಲಿ ಪಿಯಾನೋ ಮಾಡುವುದೆಂದರೇನು? ಅಲ್ಲಿ ಪೇಢೆ ಮಾಡುತ್ತಾರೆ, ಹೂವಿನ ಹಾರ ಕಟ್ಟುತ್ತಾರೆ, ದರ್ಶನಕ್ಕೆ ಬಂದವರಿಗೆ ಲಾಡ್ಜು ನಡೆಸುತ್ತಾರೆ. ಅಂಗಡಿಗೆ ಬಂದ ಗಿರಾಕಿಗಳನ್ನು ಹಿಡಿದು ಕೂರಿಸಿ ಈ ಪ್ರಶ್ನೆ ಕೇಳತೊಡಗಿದೆ. ಟಾವೆಲ್ ಕೊಳ್ಳಲು ಬಂದವರು ಚಹಾ ಕುಡಿದು, ಪಿಯಾನೋ ಕೇಳಿ, ಟಾವೆಲ್ ಮರೆತು ಹೋಗುತ್ತಿದ್ದರು. ಸಚಿನ್ ನನ್ನನ್ನು ಗಲ್ಲೆಯಿಂದ ಎಬ್ಬಿಸಿ, “ಪಪ್ಪಾ, ನೀವು ಒಂದ್ ಸಲ ಅಕ್ಕಲಕೋಟಿಗೆ ಹೋಗೇ ಬಿಡ್ರಿ” ಎಂದ.

ಹೊರಡುವ ಮೊದಲು ಪುಣೆಗೆ, ಮಾವಶಿಗೆ, ಫೋನು ಮಾಡಿದೆವು. ಈ ಸಲ ಸ್ಪೀಕರ್ ಹಾಕಿ, ಇಬ್ಬರೂ ಕಿವಿಗೊಟ್ಟು ಕೇಳಿದೆವು.

“ಅದಾ? ನಮ್ಮ ಮಾವನಾರ ತಂದಿದ್ರು,” ಎಂದರು ಮಾವಶಿ. “ಪೇಟಿ ಕಾಳಪ್ಪ ಅಂತಿದ್ದ, ಪೇಟಿ ಮಾಡಾಂವ. ಅಂವನ ಕೊಟ್ಟಾನಂತ. ನಾ ಲಗ್ನಾಗಿ ಬರೂದ್ರಾಗ ಅದರ ಮ್ಯಾಲ ಹಾಸಿಗಿ ಒಟ್ಟಿದ್ರು. ಯಾರೂ ಬಾರಿಸಿದ್ದ ನಾ ಕಂಡಿಲ್ಲವಾ.”

ನಮ್ಮ ಕಡೆ ಪೇಟಿ ಎಂದರೆ ಹಾರ್ಮೋನಿಯಂ. ಇಷ್ಟು ಸುಳಿವು ಹಿಡಿದು ನಾನೂ ಶಕುಂತಲಾ ಒಂದು ರವಿವಾರ ಬಸ್ಸು ಹತ್ತಿದೆವು. ಅಕ್ಕಲಕೋಟೆಯಲ್ಲಿ ಕಾಳಪ್ಪ ಎಂಬ ಹೆಸರಿಗೆ ಬರಗಾಲವಿಲ್ಲ ಎಂಬುದು ಬಸ್‌ಸ್ಟ್ಯಾಂಡಿನ ಪಾನಪಟ್ಟಿಯಲ್ಲೇ ತಿಳಿಯಿತು. ಪಾನಪಟ್ಟಿಯವನು ಮೊದಲು ತೋರಿಸಿದ ಕಾಳಪ್ಪ ಕಬ್ಬಿಣದ ತಿಜೋರಿ ಪೆಟ್ಟಿಗೆ ಮಾಡುವವನು. ಎರಡನೆಯವನು ಬ್ಯಾಂಡಿನಲ್ಲಿ ಡೋಲು ಬಾರಿಸುವವನು. ಆತ, ಲಗ್ನ ಯಾವಾಗ ಎಂದು ಕೇಳಿ, ನಾವು ಪಿಯಾನೋ ಎಂದಾಗ, “ಅದನ್ನ ಮೆರವಣಿಗ್ಯಾಗ ಹ್ಯಾಂಗ ಹೊರೂದ್ರಿ?” ಎಂದು ಚಿಂತೆಗೆ ಬಿದ್ದ. ಅವನೇ ಕೊನೆಗೆ, ಹಳೇ ಪೇಟಿ ಕಾಳಪ್ಪ ಹೋಗಿ ಎಷ್ಟೋ ಕಾಲವಾಯಿತು, ಮಗಳು ಚಂದ್ರಭಾಗಾಬಾಯಿ ಇದ್ದಾಳೆ, ಮೊಮ್ಮಗನ ಮೊಬೈಲ್ ಅಂಗಡಿಯ ಮೇಲೆ ಮನೆ ಎಂದು ದಾರಿ ತೋರಿಸಿದ.

ಮೆಟ್ಟಿಲು ಇಕ್ಕಟ್ಟಾಗಿದ್ದವು. ನಾನು ಪಕ್ಕಕ್ಕೆ ತಿರುಗಿ ಹತ್ತಿದೆ. ಬಾಗಿಲಲ್ಲೇ, ಮೊರದಲ್ಲಿ ಶೇಂಗಾ ಆರಿಸುತ್ತ, ಕಾಲು ಮಡಚಿ ಬೆನ್ನು ನೆಟ್ಟಗೆ ಮಾಡಿ ಒಬ್ಬ ಮುದುಕಿ ಕೂತಿದ್ದರು. ಬಸ್ಸಿನಲ್ಲಿ ನಾನು ಒಂದು ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ. “ನಮಸ್ಕಾರ ಆಯಿ. ಸೊಲ್ಲಾಪುರದಿಂದ ಬಂದೀವ್ರಿ. ನಿಮ್ಮ ತಂದಿಯವರ ಒಂದು ಪಿಯಾನೋ…” ಎನ್ನುವಷ್ಟರಲ್ಲಿ ಅವರ ಕೈ ಮೊರದಲ್ಲೇ ನಿಂತಿತು.

“ಸುರಾ ಮಾಡಾಕ ಕರೀಲಿಕ್ಕ ಬಂದ್ರೇನು?” ಎಂದರು.

ನನಗೆ ಅರ್ಥವಾಗಲಿಲ್ಲ. ಹೂಂ ಎಂದುಬಿಟ್ಟೆ. ಅವರು ಮೊರ ಸರಿಸಿ ಎದ್ದು ಒಳಗೆ ಹೋದರು. ಟ್ರಂಕಿನ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಬಟ್ಟೆಯ ಗಂಟು. ಬಿಚ್ಚಿದರೆ, ಎಣ್ಣೆ ಹಚ್ಚಿಟ್ಟ, ಒಂದಿಷ್ಟೂ ತುಕ್ಕು ಹಿಡಿಯದ ಕಬ್ಬಿಣದ ಚಾವಿ, ಮರದ ಹಿಡಿಕೆಯದು. ತಂತಿ ಬಿಗಿಸುವ ಚಾವಿ.

“ಆ ಮನಿಯವರು ಪಿಯಾನೋ ಒಯ್ದಾಗ ಅಪ್ಪ ಇದನ್ನ ಕೊಡಲಿಲ್ಲ,” ಎಂದರು. “ನನ್ನ ಕೈಯಾಗ ಇಟ್ಟ. ‘ಚಂದ್ರಿ, ತಂತಿ ಸಡ್ಲ ಆಗ್ತಾವ. ಆದಾಗ ನಿನ್ನನ್ನ ಕರೀತಾರ. ಹೋಗಿ ಸುರಾ ಮಾಡು, ಮಾಡಿದ ಮ್ಯಾಲ ಒಂದೀಟು ಬಾರಿಸಿ ನೋಡ್ಬೇಕಾಗ್ತೈತಲ್ಲ, ಬಾರ್ಸು’ ಅಂದ. ನಾನೂ ದಾರಿ ನೋಡಿದೆ. ಯಾರೂ ಕರೀಲಿಲ್ಲ. ಒಡದು ಒಲಿಗೆ ಹಾಕ್ಯಾರ ಅಂತ ತಿಳಕೊಂಡೆ.”

ಶಕುಂತಲಾ ನನ್ನ ಕಡೆ ನೋಡಿದಳು. ನಾನು ಮೊರದೊಳಗಿನ ಶೇಂಗಾ ನೋಡಿದೆ. ಅದರ ಮೇಲೆ ಹಾಸಿಗೆ ಒಟ್ಟಿದ್ದರು ಎಂದು ಹೇಳುವುದು ಹೇಗೆ? ಉಪ್ಪಿನಕಾಯಿಯ ಬರಣಿಯ ಸಂಗತಿಯನ್ನಂತೂ ಇಬ್ಬರೂ ಎತ್ತಲಿಲ್ಲ.

ಚಹಾ ಬಂತು. ಚಂದ್ರಭಾಗಾಬಾಯಿ ಹೇಳಿದ್ದು ಇಷ್ಟು. ಕಾಳಪ್ಪ ಬಡಿಗರವನು, ಪೇಟಿ ಮಾಡುವುದರಲ್ಲಿ ಹೆಸರಾದವನು. ಸೊಲ್ಲಾಪುರದ ಒಂದು ಬಂಗಲೆಯಲ್ಲಿ ಒಬ್ಬ ಮಡ್ಡಮ್ಮನ, ಅಂದರೆ ಬಿಳಿಯರ ಮೇಡಮ್ಮಳ, ಪಿಯಾನೋ ಕೆಟ್ಟಿತ್ತು. ರಿಪೇರಿಗೆ ಕರೆದರು. ಅವನು ಹಿಂದೆಂದೂ ಪಿಯಾನೋ ಕಂಡವನಲ್ಲ. ಹಾಗೆಂದು ಹೇಳದೆ ಹೋದ. ಜೊತೆಗೆ ಹೆಂಡತಿ ನೀಲವ್ವ. ಆಕೆ ಭಜನೆಯಲ್ಲಿ ಮುಂದೆ ಕೂತು ಹಾಡುವವಳು. ಪಿಯಾನೋ ಸರಿಯಾದ ಮೇಲೆ ಮಡ್ಡಮ್ಮ ಸಂತೋಷಪಟ್ಟು, ನೀಲವ್ವನನ್ನೂ ಸ್ಟೂಲಿನ ಮೇಲೆ ಕೂರಿಸಿ, ಬಾರಿಸು ಎಂದಳು. ಸಣ್ಣ ಆಳು ನೀಲವ್ವ. ಕಾಲು ನೆಲ ಮುಟ್ಟದೆ ಜೋತಾಡಿದವು. ಒಂದೆರಡು ಮಣೆ ಒತ್ತಿ, ಹಾಡಲು ಬಾಯಿ ತೆರೆದು, ಇಳಿದುಬಿಟ್ಟಳು.

“ಹಾದಿಗುಂಟ ಒಂದ ಮಾತು ಅಂದ್ಲಂತ ನಮ್ಮವ್ವ. ‘ನಾದ ಭಾಳ ಚಂದ ಐತಿ. ಆದ್ರ ಕಾಲು ಜೋತುಬಿದ್ರ ನನಗ ದನಿ ಹೊಂಡೂದಿಲ್ಲ.’ ಅಪ್ಪ ಮನಿಗೆ ಬಂದು ಮಣಿ ಮ್ಯಾಲ ಆಕಿನ್ನ ಕುಂಡ್ರಿಸಿ, ನೆಲದಿಂದ ಮೊಣಕೈತನಕ ಗೇಣು ಹಾಕಿ ಅಳತಿ ತಗೊಂಡ.”

ನಾನು ಕೂತಲ್ಲೇ ಮುಂದಕ್ಕೆ ಸರಿದೆ. “ಅಂದ್ರ, ಯಾರೂ ಅದನ್ನ ಕೆಳಗ ಇಳಿಸಿಲ್ಲ?”

“ಇಳಸೂದ್ಯಾಕ? ನೆಲದ ಮ್ಯಾಲ ಕುಂತು ಬಾರಸಾಕ ಮಾಡಿದ್ದರಿ ಅದು.”

“ಆ ಮರದ ನಾಲಿಗಿ?”

“ಕಾಲು ಮಡಚಿ ಕುಂತ್ರ ಪೆಡಲ್ ಹ್ಯಾಂಗ ತುಳೀಬೇಕು? ಮೊಣಕಾಲಿಂದ ಒತ್ತಬೇಕದನ್ನ. ಒತ್ತಿದ್ರ ನಾದ ನಿಲ್ಲೂದಿಲ್ಲ, ಹಂಗ ಹರಕೊಂತ ಹೋಗ್ತೈತಿ.”

ಒಳಗಿನ ಕಬ್ಬಿಣದ ಚೌಕಟ್ಟನ್ನು, ಮಗ್ಗದ ಬಿಡಿಭಾಗ ಎರಕ ಹೊಯ್ಯುವ ಸೊಲ್ಲಾಪುರದ ಫೌಂಡ್ರಿಯಲ್ಲಿ ಅವರ ತಲೆ ತಿಂದು ಮಾಡಿಸಿದನಂತೆ. ತಂತಿ ಮುಂಬಯಿಯಿಂದ ಬಂದವು. ತಂತಿಗೆ ಬಡಿಯುವ ಸುತ್ತಿಗೆಗಳಿಗೆ ಕುರುಬರ ಕಂಬಳಿಯನ್ನು ಕುದಿಸಿ, ಬಡಿದು, ದಪ್ಪ ಮಾಡಿ ಅಂಟಿಸಿದ. ನಾದ ತುಂಬುವ ಹಿಂದಿನ ಹಲಗೆಗೆ ಸಾಗವಾನಿ ಆಗಿಬರಲಿಲ್ಲ, ಹಗುರ ಮರ ಬೇಕಿತ್ತು. ವಿಲಾಯತಿಯಿಂದ ಗಿರಣಿಗೆ ಯಂತ್ರ ತುಂಬಿಕೊಂಡು ಬರುತ್ತಿದ್ದ ಖೋಕಿ ಎಂಬ ಮರದ ಪೆಟ್ಟಿಗೆಗಳ ಹಲಗೆ ತಂದು ಬಡಿದು ಬಡಿದು ನೋಡಿ ಆರಿಸಿದ. ಮುಗಿದ ಮೇಲೆ ಊರೇ ನೋಡಲು ಬಂತು. ಎಲ್ಲರೂ ಭಲೇ ಎಂದರು. ಇನ್ನೊಂದು ಮಾಡಿಕೊಡು ಎಂದು ಒಬ್ಬರೂ ಹೇಳಲಿಲ್ಲ. ಭಜನೆಗೆ ಹೊತ್ತೊಯ್ಯಲು ಬಾರದ ವಾದ್ಯ ಯಾರಿಗೆ ಬೇಕು? ಹೀಗಾಗಿ ಜನವೇ ಅದರ ಬಳಿಗೆ ಬರುತ್ತಿತ್ತು. ನೀಲವ್ವ ನುಡಿಸುತ್ತ ಹಾಡುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಕಲಿತಳು. ನೀಲವ್ವ ತೀರಿಕೊಂಡ ಮೇಲೆ ಕಾಳಪ್ಪನಿಗೆ ಆ ಮನೆಯಲ್ಲಿ ಅದನ್ನು ನೋಡುತ್ತ ಇರುವುದಾಗಲಿಲ್ಲ. ಮಗಳ ಲಗ್ನ ಗೊತ್ತಾಗಿತ್ತು. ಅಳಿಯನಿಗೆ ಗಿರಣಿಯ ಚಾಳಿನಲ್ಲಿ ಒಂದೇ ಖೋಲಿ. ವಾಡೆಯವರು ಕೇಳಿದರು, ಕೊಟ್ಟುಬಿಟ್ಟ.

ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಸಚಿನ್‌ನನ್ನು ಕರೆದು ಪಿಯಾನೋವನ್ನು ಗೋಡೆಯಿಂದ ಸರಿಸಿದೆ. ಹಿಂದಿನ ಹಲಗೆಯ ಮೇಲೆ ಟಾರ್ಚ್ ಬಿಟ್ಟೆ. ಮಾಸಿದ ಕಪ್ಪು ಬಣ್ಣದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳು, ತಲೆಕೆಳಗಾಗಿ. ‘ಈ ಬದಿ ಮೇಲಕ್ಕೆ’ ಎಂದು ಅದರ ಅರ್ಥ. ಪಕ್ಕದಲ್ಲೊಂದು ಬಾಣ ನೇರವಾಗಿ ನಮ್ಮ ನೆಲದ ಫರಸಿಯನ್ನು ತೋರಿಸುತ್ತಿತ್ತು. ನಾನು ಕುಣಿಯುವುದೊಂದು ಬಾಕಿ. “ಜರ್ಮನಿ ಅಂತ! ಜರ್ಮನಿ!” ಎಂದು ಗೋಡೆಗೆ ಹೇಳಿದೆ.

ಚಂದ್ರಭಾಗಾಬಾಯಿಯನ್ನು ಮುಂದಿನ ರವಿವಾರ ಸಚಿನ್ ಕಾರಿನಲ್ಲಿ ಕರೆತಂದ. ಬಂದವರು ಪಿಯಾನೋ ಮುಂದೆ ನಿಂತರು. ತಂದೆಯ ಹೆಸರಿನ ಮೇಲೆ ಕೈಯಾಡಿಸಿದರು. ನಾವು ಏನೋ ಹೇಳುತ್ತಾರೆಂದು ಕಾದೆವು. “ಒಂದ್ ಮಣಿ ಕೊಡ್ರಿ ಕುಂಡ್ರಾಕ,” ಎಂದರು. ಇಡೀ ಹಗಲು ಚಾವಿ ಹಿಡಿದು ತಂತಿ ಬಿಗಿಸಿದರು. ತಂತಿಯೊಂದು ಟಣ್ ಎಂದು ಹರಿದಾಗ ನಾವೆಲ್ಲ ಹಾರಿಬಿದ್ದೆವು. ಅವರು ಮಾತ್ರ, “ಹೋಗ್ಲಿ, ಅದು ಮೊದ್ಲಿಂದ್ಲೂ ತುಂಟದ” ಎಂದು ಮುಂದಿನ ತಂತಿಗೆ ಹೋದರು. ಸಂಜೆಗೆ ಕಾಲು ಮಡಚಿ ಕೂತು, ಬಲ ಮೊಣಕಾಲನ್ನು ಮರದ ನಾಲಿಗೆಗೆ ಆನಿಸಿ, ಕಣ್ಣು ಮುಚ್ಚಿ ಬಾರಿಸಿದರು. ಬೆರಳು ಅಲ್ಲಲ್ಲಿ ತಡವರಿಸಿದವು. ಏನು ಬಾರಿಸಿದರೆಂದು ನನಗೆ ತಿಳಿಯದು. ಪ್ರಿಯಾಂಕಾ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನೆಲದ ಮೇಲೆ ಕೂತದ್ದು, ಶಕುಂತಲಾ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಇಷ್ಟು ಕಂಡೆ. ಮೊಣಕಾಲಿನ ಒತ್ತು ಬಿಡುವವರೆಗೂ ಕೊನೆಯ ಸ್ವರ ಮನೆಯ ತುಂಬ ನಿಂತಿತ್ತು.

“ಆಯಿ, ಇದು ನಿಮ್ಮದ. ನಾಳೆ ನಿಮ್ಮನಿಗೆ ಕಳಿಸ್ತೀವಿ,” ಎಂದೆ.

“ನಮ್ಮ ಮೆಟ್ಟಿಲು ನೋಡೀರಿಲ್ಲೊ? ನೀವಽ ಅಡ್ಡಾಗಿ ಹತ್ತಿದ್ರಿ,” ಎಂದರು ಅವರು. “ಇಲ್ಲೇ ಇರ್ಲಿ. ಕರದಾಗ ಬರ್ತೀನಿ. ಆದ್ರ ಕರೀರಿ.”

ಪುಣೆಯವರು ಹೇಳಿದಂತೆ ಟೆಂಪೋ ತಂದರು. ಶಕುಂತಲಾ ಅವರನ್ನು ಒಳಗೆ ಕರೆದು, ಚಹಾ ಕೊಟ್ಟು, ಹೊಳೆಯುವ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿ, ಹಿಂದಿನ ಬಾಣ ತೋರಿಸಿ, ಮರಾಠಿಯಲ್ಲಿ ಬಹಳ ಮೃದುವಾಗಿ, ಕೊಡುವುದಿಲ್ಲ ಎಂದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಕೂತು ನೋಡಿದರು. ಮರದ ನಾಲಿಗೆಯನ್ನು ಕೈಯಿಂದ ಒತ್ತಿ, ಒಂದು ಮಣೆ ತಟ್ಟಿ, ನಾದ ಹರಿಯುವುದನ್ನು ಕೇಳಿ, “ನಾನು ತಪ್ಪು ಹೇಳಿದ್ದೆ” ಎಂದರು. ಒಳ್ಳೆಯ ಮನುಷ್ಯ. ತುಂಡಾದ ತಂತಿಗೆ ಬದಲು ಪುಣೆಯಿಂದ ಹೊಸದು ಕಳಿಸಿದ್ದೂ ಅವರೇ.

ಈಗ ಪ್ರತಿ ರವಿವಾರ ನಮ್ಮ ಹಾಲಿನಲ್ಲಿ ಸೋಫಾ ಇರುವುದಿಲ್ಲ. ಜಮಖಾನೆ ಹಾಸಿರುತ್ತದೆ. ಚಂದ್ರಭಾಗಾಬಾಯಿ ಬರುತ್ತಾರೆ. ಶಕುಂತಲಾ ಕಲಿಯುತ್ತಿದ್ದಾಳೆ. ಪ್ರಿಯಾಂಕಾ ಅವಳಿಗಿಂತ ಬೇಗ ಕಲಿಯುತ್ತಿದ್ದಾಳೆ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಓಣಿಯ ಹೆಂಗಸರು ಬಂದು ತುಂಬಿಕೊಳ್ಳುತ್ತಾರೆ. ಈ ಪಿಯಾನೋದ ಇತಿಹಾಸವನ್ನು ಬೆಳಕಿಗೆ ತಂದವನು ನಾನು. ಆದ್ದರಿಂದ ನನಗೂ ಒಂದು ಸ್ಥಾನ ಸಿಗಬೇಕೆಂದು ಚಂದ್ರಭಾಗಾಬಾಯಿಗೆ ಕೇಳಿಕೊಂಡೆ. ಅವರು ನನ್ನಿಂದ ‘ಸಾ’ ಅನ್ನಿಸಿದರು. ಇನ್ನೊಮ್ಮೆ ಅನ್ನಿಸಿದರು. ಆಮೇಲೆ ಮೇಲಿನ ಮುಚ್ಚಳ ತೋರಿಸಿ, “ಸಾವಕಾರ್ರ, ಇದರ ಆನಿಕಿ ಮುರದೈತಿ. ನೀವು ಇದನ್ನ ಎತ್ತಿ ಹಿಡ್ಕೊಂಡು ನಿಲ್ರಿ, ನಾದ ಹೊರಗ ಬರ್ಲಿ” ಎಂದರು.

ಅಂದಿನಿಂದ ಅದೇ ನನ್ನ ಕೆಲಸ. ಹೋದ ರವಿವಾರ ಅವರು ತಾಯಿಯ ಕಾಲದ್ದೊಂದನ್ನು ನೆನಪಿಸಿಕೊಂಡು, ಎಲ್ಲೂ ತಡೆಯದೆ, ಕೊನೆಯವರೆಗೆ ಬಾರಿಸಿದರು. ಮುಗಿದ ಕೂಡಲೇ ಹಾಲಿನ ತುಂಬ ಚಪ್ಪಾಳೆ. ಮೈಮರೆತು ನಾನೂ ಎರಡೂ ಕೈಯಿಂದ ತಟ್ಟಿದೆ. ಮುಚ್ಚಳ ಢಮ್ಮೆಂದು ಬಿತ್ತು, ಒಳಗಿನ ತಂತಿಗಳೆಲ್ಲ ಒಟ್ಟಿಗೆ ಝೇಂಕರಿಸಿದವು. ಎಲ್ಲರೂ ನನ್ನ ಕಡೆ ತಿರುಗಿದರು. ಚಂದ್ರಭಾಗಾಬಾಯಿ ಮಾತ್ರ ತಲೆ ವಾರೆ ಮಾಡಿ, ಆ ಸದ್ದು ಪೂರ್ತಿ ಅಡಗುವ ತನಕ ಕೇಳಿ, “ನಿಮ್ಮಿಂದ ಬಂದದ್ರಾಗ ಇದೊಂದ ನೋಡ್ರಿ, ಬರೋಬರಿ ಸುರದಾಗ ಬಂತು” ಎಂದರು.